ಗಗನನೌಕೆಯ ಸಾಮಗ್ರಿಗಳಿಗೂ ಅಗ್ನಿಪರೀಕ್ಷೆ

ಮಾನವಸಹಿತ ಗಗನನೌಕೆಯೊಳಗೆ ಬಳಸುವ ಬಟ್ಟೆ, ಪ್ಲಾಸ್ಟಿಕ್, ತಂತಿಯ ಹೊದಿಕೆ, ಅಂಟು ಮೊದಲಾದವು ಆಮ್ಲಜನಕದ ನಡುವೆ ಎಷ್ಟು ಸುಲಭವಾಗಿ ಉರಿಯುತ್ತವೆ ಎಂಬುದನ್ನು ಹಾರಾಟಕ್ಕೆ ಮುನ್ನವೇ ಅರಿಯುವ ವಿಧಾನವೇ ದಹನಶೀಲತೆಯ ಪರೀಕ್ಷೆ. ಗಗನಯಾನಕ್ಕೆಂದು ಇಸ್ರೋ 2019ರಲ್ಲಿ ಬೆಂಗಳೂರಿನಲ್ಲಿ ಮಾನವ ಬಾಹ್ಯಾಕಾಶ ಯಾನ ಕೇಂದ್ರವನ್ನು ಆರಂಭಿಸಿದ ಮೇಲೆ ಈ ವಿಷಯ ಕನ್ನಡಿಗರಿಗೂ ಹತ್ತಿರವಾಗಿದೆ.

ಮಡಿಕೇರಿಯ ಗಾಳಿ, ನೌಕೆಯ ಗಾಳಿ

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿನ ವಾಯುಒತ್ತಡ ಮಂಗಳೂರಿಗಿಂತ ಸುಮಾರು ಶೇ. 12ರಷ್ಟು ಕಡಿಮೆ. ಆದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ. 21. ಉಸಿರಾಟಕ್ಕೆ ಮುಖ್ಯವಾದುದು ಆಮ್ಲಜನಕದ ಒತ್ತಡ; ಬೆಂಕಿಗೆ ಹೆಚ್ಚು ಮುಖ್ಯವಾದುದು ಅದರ ಪಾಲು. ಗಾಳಿಯಲ್ಲಿರುವ ಸಾರಜನಕ ತಾನು ಉರಿಯದೆ ಜ್ವಾಲೆಯ ಶಾಖವನ್ನು ಹೀರಿ ತಣಿಸುತ್ತದೆ. ನೌಕೆಯೊಳಗಿನ ಒತ್ತಡವನ್ನು ಇಳಿಸಿದರೆ ಅದರ ಕವಚವನ್ನು ಹಗುರವಾಗಿಸಬಹುದು. ಆದರೆ ಯಾತ್ರಿಗಳ ಉಸಿರಾಟಕ್ಕಾಗಿ ಆಮ್ಲಜನಕದ ಪಾಲನ್ನು ಏರಿಸಬೇಕಾಗುತ್ತದೆ. ಅಪಾಯ ಹುಟ್ಟುವುದು ಇಲ್ಲಿಯೇ.

ಅಪೊಲೊ ಕಲಿಸಿದ ಪಾಠ

1967ರ ಜನವರಿ 27ರಂದು ಅಮೆರಿಕದ ಉಡಾವಣಾ ಕಟ್ಟೆಯ ಮೇಲೆ ನಡೆದ ತಾಲೀಮಿನಲ್ಲಿ ಅಪೊಲೊ-1 ನೌಕೆಗೆ ಬೆಂಕಿ ತಗುಲಿ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ ಅಸುನೀಗಿದರು. ನೌಕೆಯೊಳಗೆ ಹೊರಗಿನ ಗಾಳಿಗಿಂತ ಅಧಿಕ ಒತ್ತಡದ ಶುದ್ಧ ಆಮ್ಲಜನಕ ತುಂಬಿತ್ತು. ನೈಲಾನ್ ಬಲೆ, ವೆಲ್ಕ್ರೋಗಳು ಬೆಂಕಿಗೆ ಆಹುತಿಯಾದವು. ಒಳಮುಖವಾಗಿ ತೆರೆಯಬೇಕಿದ್ದ ಬಾಗಿಲನ್ನು ಏರಿದ ಒತ್ತಡ ತೆರೆಯಗೊಡಲಿಲ್ಲ. ಬಳಿಕ ಉಡಾವಣೆಯ ವೇಳೆ ಶೇ. 60 ಆಮ್ಲಜನಕ, ಶೇ. 40 ಸಾರಜನಕದ ಮಿಶ್ರಣ, ಬೆಂಕಿ ಹತ್ತದ ಗಾಜಿನೆಳೆಯ ಬಟ್ಟೆ ಹಾಗೂ ಹೊರಕ್ಕೆ ತೆರೆಯುವ ಬಾಗಿಲು ಬಳಕೆಗೆ ಬಂದವು.

ಪರೀಕ್ಷೆ ಹೇಗೆ?

ನಾಸಾದ ಮಾನದಂಡದಂತೆ ಸುಮಾರು 30 ಸೆಂಟಿಮೀಟರ್ ಉದ್ದದ ಮಾದರಿಯನ್ನು ಮುಚ್ಚಿದ ಕೋಣೆಯಲ್ಲಿ ನೇರವಾಗಿ ನಿಲ್ಲಿಸಲಾಗುತ್ತದೆ. ನೌಕೆಯಲ್ಲಿ ಎದುರಾಗಬಹುದಾದ ಅತ್ಯಂತ ಅಪಾಯಕರ ಪ್ರಮಾಣದಲ್ಲಿ ಆಮ್ಲಜನಕ ತುಂಬಿ, ಕೆಳತುದಿಗೆ ಕಿಚ್ಚು ಹಚ್ಚಲಾಗುತ್ತದೆ. ಜ್ವಾಲೆ ಅತಿ ವೇಗವಾಗಿ ಹಬ್ಬುವುದು ಮೇಲ್ಮುಖವಾಗಿಯೇ. ಅದು 15 ಸೆಂಟಿಮೀಟರ್ ದಾಟುವ ಮೊದಲೇ ತಾನಾಗಿ ನಂದಬೇಕು. ತೊಟ್ಟಿಕ್ಕುವ ಚೂರುಗಳಿಂದ ಕೆಳಗಿಟ್ಟ ಕಾಗದ ಹೊತ್ತಿಕೊಳ್ಳಬಾರದು. ಅಧಿಕ ಒತ್ತಡದ ಆಮ್ಲಜನಕದಲ್ಲಿ ಅಲ್ಯೂಮಿನಿಯಂ, ಉಕ್ಕು ಕೂಡ ಉರಿಯಬಲ್ಲವು. ಆದ್ದರಿಂದ ಲೋಹಗಳಿಗೆ ಬೇರೆಯದೇ ಪರೀಕ್ಷೆಯಿದೆ.

ಆದರೆ ತೂಕರಹಿತ ಸ್ಥಿತಿಯಲ್ಲಿ ಬಿಸಿಗಾಳಿ ಮೇಲೇರದು. ಜ್ವಾಲೆಯ ನಡೆಯೇ ಬೇರೆಯಾಗುತ್ತದೆ. ಇದನ್ನರಿಯಲು ನಾಸಾ 2016ರಿಂದ 2024ರವರೆಗೆ ಸಿಗ್ನಸ್ ಸರಕು ನೌಕೆಗಳಲ್ಲಿ 'ಸ್ಯಾಫೈರ್' ಪ್ರಯೋಗಗಳನ್ನು ನಡೆಸಿತು.

ಗಗನಯಾನದ ಯಾತ್ರಿಗಳ ಕೋಣೆಯಲ್ಲಿ ಭೂಮಿಯಂಥದೇ ವಾತಾವರಣವಿರುವುದೆಂದು ಇಸ್ರೋ ತಿಳಿಸಿದೆ. ಇದರಿಂದ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಅಂತರಿಕ್ಷದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಅಂಗಳವಿಲ್ಲ.