ಲೆಕ್ಕಿಗರ ಕೀರ್ತಿಮಂದಿರ

ವಿದ್ಯೆಗಳಲ್ಲಿ ಕೆಲವಕ್ಕೆ ಲೋಕವು ತಾನಾಗಿಯೇ ತಲೆಬಾಗುವುದು. ಮತ್ತೆ ಕೆಲವು ಎಷ್ಟೇ ಉಪಕಾರಿಗಳಾದರೂ ಸಭೆಯ ಹಿಂದುಗಡೆಯಲ್ಲಿಯೇ ನಿಲ್ಲಬೇಕಾಗುವುದು. ಕವಿಗೆ ಶಾಲು ಹೊದಿಸುವವರುಂಟು, ವೈದ್ಯನನ್ನು ನೆನೆಯುವವರುಂಟು, ವೀರನಿಗೆ ಕಲ್ಲು ನೆಡುವವರುಂಟು; ಲೆಕ್ಕ ಬರೆದವನ ಹೆಸರನ್ನು ವಿಚಾರಿಸುವವರು ಯಾರು? ಲೆಕ್ಕವು ಸರಿಯಾಗಿರುವವರೆಗೆ ಅವನು ಯಾರ ಕಣ್ಣಿಗೂ ಬೀಳನು; ಅದು ತಪ್ಪಿದ ದಿನವೇ ಅವನ ಹೆಸರು ಊರ ಬಾಯಿಗೆ ಬೀಳುವುದು. ಇಂಥ ವೃತ್ತಿಯವರ ಸ್ಮರಣೆಗಾಗಿಯೇ ಒಂದು ವಿಶ್ವವಿದ್ಯಾನಿಲಯವು ಕೀರ್ತಿಮಂದಿರವನ್ನು ಏರ್ಪಡಿಸಿದ ವೃತ್ತಾಂತವು ವಾಚಕರಿಗೆ ಕುತೂಹಲಕರವಾದೀತೆಂದು ನಂಬಿ ಅದರ ಇತಿಹಾಸವನ್ನು ಇಲ್ಲಿ ನಿರೂಪಿಸುತ್ತೇನೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಓಹೈಯೋ ಎಂಬುದೊಂದು ಸಂಸ್ಥಾನವು. ಕೊಲಂಬಸ್ ನಗರವು ಅದರ ರಾಜಧಾನಿಯು. ಅಲ್ಲಿಯ ಓಹೈಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ೧೯೫೦ನೆಯ ಇಸವಿಯಲ್ಲಿ ‘ಅಕೌಂಟಿಂಗ್ ಹಾಲ್ ಆಫ್ ಫೇಮ್’ ಎಂಬ ಹೆಸರಿನಿಂದ ಈ ಕೀರ್ತಿಮಂದಿರವು ಸ್ಥಾಪಿತವಾಯಿತು. ೨೦ನೆಯ ಶತಮಾನದ ಆರಂಭದಿಂದ ಈಚೆಗೆ ಲೆಕ್ಕಶಾಸ್ತ್ರದ ಏಳಿಗೆಗಾಗಿ ಗಣನೀಯವಾದ ಸೇವೆಯನ್ನು ಸಲ್ಲಿಸಿದವರನ್ನು ಗೌರವಿಸುವುದೇ ಅದರ ಉದ್ದೇಶವು. ಅರ್ಹರನ್ನು ಆರಿಸುವುದಕ್ಕೆ ಅಧ್ಯಾಪಕರು, ಸ್ವತಂತ್ರವಾಗಿ ಲೆಕ್ಕಪರಿಶೋಧನೆ ನಡೆಸುವವರು, ಉದ್ಯಮಗಳಲ್ಲಿಯೂ ಸರಕಾರದಲ್ಲಿಯೂ ಲೆಕ್ಕದ ಭಾರವನ್ನು ಹೊತ್ತವರು ಕೂಡಿದ ಒಂದು ಮಂಡಲಿಯುಂಟು. ನಮ್ಮ ಕಡೆಯ ಗುರುಕುಲಗಳಂತೆ ತಮ್ಮಲ್ಲಿ ಓದಿದವರನ್ನೂ ತಮಗೆ ನೆರವಾದವರನ್ನೂ ಮಾತ್ರ ನೆನೆಯುವ ರೂಢಿಯು ವಿದ್ಯಾಲಯಗಳಿಗೆ ಸಹಜವಾದುದು. ಈ ಶಾಖೆಯವರಾದರೋ ಆ ಗಡಿಯನ್ನು ದಾಟಿ, ಆ ವಿದ್ಯೆಗೆ ಎಲ್ಲಿಯೇ ದುಡಿದಿರಲಿ, ಅವರೆಲ್ಲರನ್ನೂ ತಮ್ಮವರೆಂದು ಬಗೆದರು. ಈ ಔದಾರ್ಯವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಇಂಥದೊಂದು ಮಂದಿರವು ಬೇಕಾದುದಾದರೂ ಏಕೆ? ಇದನ್ನು ತಿಳಿಯಬೇಕಾದರೆ ಲೆಕ್ಕಶಾಸ್ತ್ರವು ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ಬಹುಕಾಲ ಕಾದು ನಿಂತಿದ್ದ ಕಥೆಯನ್ನು ಸ್ವಲ್ಪ ಹೇಳಬೇಕು. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆದು, ಒಂದು ಖಾತೆಯು ಕೊಟ್ಟದ್ದನ್ನು ಮತ್ತೊಂದು ಖಾತೆಯು ಪಡೆದಂತೆ ತೋರಿಸಿ, ಕಡೆಯಲ್ಲಿ ಎರಡೂ ಮಗ್ಗುಲುಗಳು ಸಮವಾಗುವಂತೆ ಮಾಡುವ ಕ್ರಮಕ್ಕೆ ಇಬ್ಬಗೆಯ ನಮೂದಿನ ಪದ್ಧತಿಯೆಂದು ಹೆಸರು. ಇದನ್ನು ಇಟಲಿಯ ವರ್ತಕರು ರೂಢಿಸಿಕೊಂಡಿದ್ದರು. ಅಚ್ಚಿನ ಪುಸ್ತಕದಲ್ಲಿ ಇದನ್ನು ಮೊತ್ತಮೊದಲು ಸಾಂಗವಾಗಿ ವಿವರಿಸಿದವರು ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿಗಳು. ಅವರ ಗಣಿತಗ್ರಂಥವು ವೆನಿಸ್ ನಗರದಲ್ಲಿ ೧೪೯೪ರಲ್ಲಿ ಮುದ್ರಿತವಾಯಿತು. ಅಪರಿಗ್ರಹವನ್ನೇ ವ್ರತವಾಗಿ ಹಿಡಿದ ಯತಿಯೊಬ್ಬರು ಅನ್ಯರ ಧನದ ಲೆಕ್ಕವನ್ನು ಹೇಗೆ ಬರೆಯಬೇಕೆಂದು ಲೋಕಕ್ಕೆ ಬೋಧಿಸಿದರೆಂಬುದು ಮಠದ ಅನ್ನವನ್ನು ಉಂಡ ನನಗೆ ಅಷ್ಟೇನೂ ಸೋಜಿಗವಲ್ಲ. ತನ್ನದಲ್ಲದ ಹಣವನ್ನು ಮುಟ್ಟುವವನಿಗೇ ಲೆಕ್ಕವು ಹೆಚ್ಚು ಅವಶ್ಯವಷ್ಟೆ! ಲೆಕ್ಕದ ಪುಸ್ತಕವನ್ನು ದೇವರ ನಾಮದಿಂದ ಆರಂಭಿಸಬೇಕೆಂದು ಅವರು ವಿಧಿಸಿದ್ದಾರೆ.

ಮುಂದೆ ಹಾಲೆಂಡಿನ ಗಣಿತಜ್ಞರಾದ ಸ್ಟೆವಿನರು ಈ ವಿದ್ಯೆಯನ್ನು ರಾಜಕುಮಾರನಿಗೆ ಕಲಿಸಿದರು. ಇಂಗ್ಲೆಂಡಿನ ಮಹಾಗಣಿತಿಗಳಾದ ಆರ್ಥರ್ ಕೇಲಿಯವರು ೧೮೯೪ರಲ್ಲಿ ಇದರ ಮೂಲತತ್ತ್ವಗಳನ್ನು ಕುರಿತು ಒಂದು ಪುಟ್ಟ ಪುಸ್ತಕವನ್ನೇ ಬರೆದರು. ಇಷ್ಟಾದರೂ ಅಮೆರಿಕಾದ ಪಂಡಿತಮಂಡಲಿಯಲ್ಲಿ ಇದಕ್ಕೆ ಮಣೆಯು ದೊರೆಯಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹೆನ್ರಿ ರ‍್ಯಾಂಡ್ ಹ್ಯಾಟ್‌ಫೀಲ್ಡ್ ಪಂಡಿತರು ೧೯೨೩ರಲ್ಲಿ ಲೆಕ್ಕಶಾಸ್ತ್ರದ ಅಧ್ಯಾಪಕರ ಸಮಾವೇಶದಲ್ಲಿ ಮಾಡಿದ ಭಾಷಣವು ಈ ನೋವನ್ನೇ ಹೇಳುವುದು. ಸಹೋದ್ಯೋಗಿಗಳಾದ ವಿದ್ವಾಂಸರು ತಮ್ಮನ್ನು ಅನ್ಯರಂತೆ ಕಾಣುತ್ತಾರೆಂದು ಅವರು ವಿನೋದಮಿಶ್ರಿತವಾದ ದುಃಖದಿಂದ ನುಡಿದು, ಪಾಚೋಲಿಯವರಿಂದ ಮೊದಲುಗೊಂಡು ಈ ವಿದ್ಯೆಯ ವಂಶಾವಳಿಯನ್ನು ಎತ್ತಿತೋರಿಸಿ, ಇದು ಕುಲೀನವಾದ ವಿದ್ಯೆಯೆಂದು ಸಾಧಿಸಿದರು. ಈ ಪಂಡಿತರು ೧೯೪೫ರಲ್ಲಿ ತೀರಿಕೊಂಡರು. ೧೯೫೧ರಲ್ಲಿ ಕೀರ್ತಿಮಂದಿರವು ಅವರ ಹೆಸರನ್ನು ಬರೆದುಕೊಂಡಿತು. ತನ್ನ ವಿದ್ಯೆಗೆ ಮಾನವನ್ನು ಬೇಡಿದವರಿಗೆ ಆ ಮಾನವು ಆರು ವರ್ಷ ತಡವಾಗಿ ಸಂದಿತು.

ವಿದ್ಯೆಯು ಬರಿಯ ಪಾಂಡಿತ್ಯದಿಂದ ನಿಲ್ಲದು. ಅದಕ್ಕೆ ಪೋಷಕರೂ ಬೇಕು. ಫಿಲಡೆಲ್ಫಿಯಾ ನಗರದ ಲೋಹೋದ್ಯಮಿಗಳಾದ ಜೋಸೆಫ್ ವಾರ್ಟನ್ನರು ೧೮೮೧ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ೧,೦೦,೦೦೦ ಡಾಲರುಗಳನ್ನಿತ್ತು ವಾಣಿಜ್ಯಶಿಕ್ಷಣದ ಶಾಲೆಯನ್ನು ತೆರೆಯಿಸಿದರು. ಇದು ಧನಿಕರ ದಾನವು. ನ್ಯೂಯಾರ್ಕಿನಲ್ಲಿ ನಡೆದುದು ಬೇರೆ ರೀತಿಯದು. ಅಲ್ಲಿ ೧೮೯೬ರಲ್ಲಿ ಸರಕಾರದ ಪ್ರಮಾಣಪತ್ರವನ್ನು ಪಡೆದ ಲೆಕ್ಕಪರಿಶೋಧಕರೆಂಬ ವರ್ಗವನ್ನು ಕಾನೂನು ಒಪ್ಪಿಕೊಂಡಿತು. ಪ್ರಮಾಣಪತ್ರಕ್ಕೆ ಪರೀಕ್ಷೆಯುಂಟು, ಪರೀಕ್ಷೆಗೆ ಪಾಠ ಹೇಳುವ ವಿದ್ಯಾಲಯವಿಲ್ಲ! ಆಗ ಆ ವೃತ್ತಿಯವರೇ ಮುಂದೆ ಬಂದು, ಶಾಲೆಯು ನಷ್ಟಕ್ಕೆ ಬಿದ್ದರೆ ತಾವು ತುಂಬಿಕೊಡುವೆವೆಂದು ಹೊಣೆ ನಿಂತುದರಿಂದ ೧೯೦೦ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ವಾಣಿಜ್ಯ ಮತ್ತು ಲೆಕ್ಕಶಾಸ್ತ್ರದ ಶಾಲೆಯು ಪ್ರಾರಂಭವಾಯಿತು. ಹಗಲು ಕಚೇರಿಗಳಲ್ಲಿ ದುಡಿದವರು ಸಂಜೆಯಲ್ಲಿ ಬಂದು ಓದುವರು. ಹಗಲೆಲ್ಲ ಲೆಕ್ಕವನ್ನು ತಪಾಸಣೆ ಮಾಡಿದವರೇ ಸಂಜೆಗೆ ಗುರುಗಳಾಗಿ ಪಾಠ ಹೇಳುವರು. ಚಾರ್ಲ್ಸ್ ವಾಲ್ಡೋ ಹ್ಯಾಸ್ಕಿನ್ಸರು ಅದರ ಮೊದಲನೆಯ ಮುಖ್ಯಸ್ಥರಾಗಿ, ೧೯೦೩ರ ಜನವರಿಯಲ್ಲಿ ಅಕಾಲದಲ್ಲಿ ಮೃತರಾದರು.

ಆ ಶಾಲೆಯ ಸ್ಥಾಪನೆಗೆ ದುಡಿದವರಲ್ಲಿ ಚಾರ್ಲ್ಸ್ ಎಜ್ರಾ ಸ್ಪ್ರೇಗ್ ಎಂಬ ಮಹಾಶಯರ ಜೀವನವು ವಿಲಕ್ಷಣವಾದುದು. ಅಮೆರಿಕಾದ ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗಿನ ರಣಭೂಮಿಯಲ್ಲಿ ಗಾಯಗೊಂಡ ಯೋಧರು, ತರುವಾಯ ಸೇವಿಂಗ್ಸ್ ಬ್ಯಾಂಕೊಂದರ ಅಧ್ಯಕ್ಷರು, ಭಾಷೆಗಳ ವ್ಯಾಮೋಹಿಗಳು. ಲೋಕಕ್ಕೆಲ್ಲ ಒಂದೇ ಭಾಷೆಯಾಗಲೆಂದು ರಚಿತವಾದ ‘ವೊಲಾಪ್ಯುಕ್’ ಎಂಬ ಕೃತಕಭಾಷೆಗೆ ೧೮೮೮ರಲ್ಲಿ ಕೈಪಿಡಿಯನ್ನು ಬರೆದರು. ಆ ಭಾಷೆಯು ನಿಲ್ಲಲಿಲ್ಲ. ಲೆಕ್ಕದ ಸಮೀಕರಣಗಳನ್ನು ಬೀಜಗಣಿತದಂತೆ ಬಿಡಿಸಿ ಅವರು ಬರೆದ ಗ್ರಂಥವು ನಿಂತಿತು. ವ್ಯಾಕರಣವನ್ನು ಓದಿದ ನನಗೆ ಈ ಎರಡು ಆಸಕ್ತಿಗಳೂ ಒಂದೇ ಬೇರಿನವೆಂದು ತೋರುವುದು. ಖಾತೆಯ ಬರವಣಿಗೆಗೂ ಸೂತ್ರವುಂಟು, ಸಂಧಿಯುಂಟು, ಅಪವಾದವುಂಟು. ೧೯೧೨ರಲ್ಲಿ ಕಾಲವಾದ ಈ ಮಹಾಶಯರ ಹೆಸರು ೧೯೫೩ರಲ್ಲಿ ಮಂದಿರವನ್ನು ಸೇರಿತು.

೧೯೫೦ರ ಪ್ರಥಮ ಸತ್ಕಾರಕ್ಕೆ ಪಾತ್ರರಾದವರು ಮೂವರು. ಜಾರ್ಜ್ ಆಲಿವರ್ ಮೇ ಅವರು ಇಂಗ್ಲೆಂಡಿನಲ್ಲಿ ಹುಟ್ಟಿ ೧೮೯೭ರಲ್ಲಿ ಅಮೆರಿಕಾಕ್ಕೆ ಬಂದವರು. ೧೯೨೯ರಲ್ಲಿ ಷೇರುಪೇಟೆಯು ಕುಸಿದು ಅಸಂಖ್ಯಾತ ಜನರ ಉಳಿತಾಯವು ನಾಶವಾದ ಮೇಲೆ, ಕಂಪನಿಗಳ ಲೆಕ್ಕವನ್ನು ಜನರು ನಂಬುವಂತೆ ಮಾಡುವುದು ಹೇಗೆಂಬ ವಿಷಯದಲ್ಲಿ ಅವರ ಸಮಿತಿಯು ನ್ಯೂಯಾರ್ಕಿನ ಷೇರುಪೇಟೆಯವರೊಡನೆ ೧೯೩೨ರಿಂದ ೧೯೩೪ರವರೆಗೆ ಪತ್ರವ್ಯವಹಾರವನ್ನು ನಡೆಯಿಸಿತು. ಎಲ್ಲರೂ ಅನುಸರಿಸಬೇಕಾದ ಲೆಕ್ಕದ ಸೂತ್ರಗಳು ಆ ಪತ್ರಗಳಿಂದ ರೂಪುಗೊಳ್ಳತೊಡಗಿದವು. ಎರಡನೆಯವರಾದ ರಾಬರ್ಟ್ ಮಾಂಟ್‌ಗೊಮರಿಯವರು ಕ್ರೈಸ್ತ ಪಾದ್ರಿಗಳೊಬ್ಬರ ಮಕ್ಕಳು. ಲೆಕ್ಕಪರಿಶೋಧನೆಯನ್ನು ಕುರಿತು ಅವರು ೧೯೧೨ರಲ್ಲಿ ಪ್ರಕಟಿಸಿದ ಗ್ರಂಥವು ತಲೆಮಾರುಗಳವರೆಗೆ ಪಾಠಪುಸ್ತಕವಾಗಿ ನಡೆಯಿತು. ಮುಪ್ಪಿನಲ್ಲಿ ಅವರಿಗೆ ತಾಳೆಯ ಜಾತಿಯ ಮರಗಳ ಮೇಲೆ ಅತಿಶಯವಾದ ಪ್ರೀತಿಯುಂಟಾಗಿ, ಫ್ಲಾರಿಡಾದಲ್ಲಿ ಅವುಗಳನ್ನು ದೇಶದೇಶಗಳಿಂದ ತರಿಸಿ ನೆಡಿಸಿದರಲ್ಲದೆ ೧೯೩೮ರಲ್ಲಿ ತೆರೆದ ಫೇರ್‌ಚೈಲ್ಡ್ ಸಸ್ಯೋದ್ಯಾನಕ್ಕೂ ಕಾರಣಪುರುಷರಾದರು.

ಮೂರನೆಯವರು ವಿಲಿಯಂ ಆಂಡ್ರೂ ಪೇಟನ್ನರು. ಇವರು ಮಿಷಿಗನ್ ವಿಶ್ವವಿದ್ಯಾನಿಲಯದ ಅಧ್ಯಾಪಕರು. ಓಹೈಯೋ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳಿಗೆ ಕಾಲ್ಚೆಂಡಿನ ಮೈದಾನದಲ್ಲಿರುವ ವೈರವು ಆ ದೇಶದಲ್ಲೆಲ್ಲ ಪ್ರಸಿದ್ಧವಾಗಿರುವಾಗ, ಓಹೈಯೋದವರು ತಮ್ಮ ಮೊದಲ ಪಂಕ್ತಿಯಲ್ಲಿಯೇ ಮಿಷಿಗನ್ನಿನ ಗುರುವನ್ನು ಕುಳ್ಳಿರಿಸಿದುದನ್ನು ಗಮನಿಸಬೇಕು. ಪೇಟನ್ನರು ೧೯೨೬ರಲ್ಲಿ ಅಧ್ಯಾಪಕರ ಸಂಘದ ಪತ್ರಿಕೆಗೆ ಪ್ರಥಮ ಸಂಪಾದಕರಾದರು. ೧೯೪೦ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಲಿಟಲ್ಟನ್ನರೊಡಗೂಡಿ ಬರೆದ ಗ್ರಂಥದಲ್ಲಿ, ಲೆಕ್ಕವು ರೂಢಿಗಳ ಗಂಟಲ್ಲ, ಹೇತುಬದ್ಧವಾದ ಶಾಸ್ತ್ರವೆಂಬುದನ್ನು ಪ್ರತಿಪಾದಿಸಿದರು. ಲಿಟಲ್ಟನ್ನರಿಗೂ ೧೯೫೬ರಲ್ಲಿ ಈ ಗೌರವವು ಲಭಿಸಿತು. ಪೇಟನ್ನರು ೧೮೮೯ರಲ್ಲಿ ಜನಿಸಿ ೧೯೯೧ರವರೆಗೆ, ನೂರನ್ನು ದಾಟಿ, ಬಾಳಿದರು; ತಾವು ಸತ್ಕೃತರಾದ ಬಳಿಕ ಮತ್ತೆ ನಾಲ್ವತ್ತು ವರ್ಷಗಳ ಕಾಲ ಆ ಪಟ್ಟಿಯು ಬೆಳೆಯುವುದನ್ನು ಕಂಡರು. ಓಹೈಯೋದ ಅಧ್ಯಾಪಕರೇ ಆದ ಹರ್ಮನ್ ಮಿಲ್ಲರ್ ಮಹಾಶಯರ ಹೆಸರಾದರೋ ಏಳು ವರ್ಷ ಕಳೆದ ಬಳಿಕ, ೧೯೫೭ರಲ್ಲಿ, ಸೇರಿತು. ಮನೆಯವರು ಅತಿಥಿಗಳು ಉಂಡ ಮೇಲೆ ಎಲೆ ಹಾಕಿಕೊಂಡಂತಾಯಿತು.

ಆದರೆ ಇತಿಹಾಸವನ್ನು ಬರೆಯುವವನು ಜಮೆಯ ಮಗ್ಗುಲನ್ನು ಮಾತ್ರ ಓದಿ ಪುಸ್ತಕವನ್ನು ಮುಚ್ಚಬಾರದು. ಮೊದಲ ಹತ್ತು ವರ್ಷಗಳ ಪಟ್ಟಿಯಲ್ಲಿ ಒಬ್ಬ ಸ್ತ್ರೀಯ ಹೆಸರೂ ಇಲ್ಲ. ನ್ಯೂಯಾರ್ಕಿನ ಕ್ರಿಸ್ಟಿನ್ ರಾಸ್ ಎಂಬಾಕೆಯು ೧೮೯೮ರಲ್ಲಿಯೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರೂ, ಹೆಂಗಸಿಗೆ ಪ್ರಮಾಣಪತ್ರವನ್ನು ಕೊಡಬಹುದೇ ಎಂಬ ವಿಚಾರದಲ್ಲಿಯೇ ಅಧಿಕಾರಿಗಳು ಕಾಲಕಳೆದು ೧೮೯೯ರ ಡಿಸೆಂಬರಿನಲ್ಲಿ ಅದನ್ನು ಕೊಟ್ಟರು. ಕರಿಯ ಜನಾಂಗದ ಜಾನ್ ಕ್ರಾಮ್‌ವೆಲ್ಲರು ಡಾರ್ಟ್‌ಮತ್ ಕಾಲೇಜಿನ ಪದವೀಧರರು. ಪ್ರಮಾಣಿತ ಪರಿಶೋಧಕರ ಕೈಕೆಳಗೆ ದುಡಿದ ಅನುಭವವು ಬೇಕೆಂದು ಇತರ ಸಂಸ್ಥಾನಗಳಲ್ಲಿ ನಿಯಮವಿದ್ದು, ಬಿಳಿಯರಾರೂ ಕರಿಯರನ್ನು ಸೇರಿಸಿಕೊಳ್ಳದೆ ಇದ್ದುದರಿಂದ, ಅಂಥ ನಿಯಮವಿಲ್ಲದ ನ್ಯೂಹ್ಯಾಂಪ್‌ಷೈರಿಗೆ ಹೋಗಿ ೧೯೨೧ರಲ್ಲಿ ಅವರು ಪ್ರಮಾಣಪತ್ರವನ್ನು ಪಡೆಯಬೇಕಾಯಿತು. ಆ ಜನಾಂಗದಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಬಾಗಿಲಲ್ಲಿಯೇ ತಡೆಯಲ್ಪಟ್ಟವರು ಮಂದಿರದ ಗೋಡೆಯವರೆಗೆ ಬರುವುದು ಹೇಗೆ?

ಇನ್ನೊಂದು ಕಠಿಣವಾದ ಪ್ರಶ್ನೆಯು ಹೆಸರು ಬರೆದಾದ ಮೇಲೆ ಹುಟ್ಟುವುದು. ಮಾರಿಸ್ ಸ್ಟ್ಯಾನ್ಸರು ರಾಷ್ಟ್ರದ ಆಯವ್ಯಯದ ನಿರ್ದೇಶಕರಾಗಿದ್ದಾಗ, ೧೯೬೦ರಲ್ಲಿ, ಸತ್ಕೃತರಾದರು. ೧೯೭೨ರಲ್ಲಿ ಅಧ್ಯಕ್ಷ ನಿಕ್ಸನ್ನರ ಚುನಾವಣೆಯ ಹಣದ ಮೇಲ್ವಿಚಾರಣೆಯು ಅವರ ಕೈಯಲ್ಲಿತ್ತು. ಆ ಹಣದ ವಿಷಯದಲ್ಲಿ ಕಾನೂನನ್ನು ಮೀರಿದ ಐದು ಸಣ್ಣ ಅಪರಾಧಗಳನ್ನು ಅವರು ೧೯೭೫ರಲ್ಲಿ ಒಪ್ಪಿಕೊಂಡು ೫,೦೦೦ ಡಾಲರುಗಳ ದಂಡವನ್ನು ತೆತ್ತರು. ದೊಡ್ಡ ಆರೋಪಗಳಿಂದ ನ್ಯಾಯಾಲಯವು ಅವರನ್ನು ಹಿಂದಿನ ವರ್ಷವೇ ಬಿಡುಗಡೆ ಮಾಡಿತ್ತೆಂಬುದನ್ನೂ ಹೇಳುವುದು ನ್ಯಾಯವು.

ಇದಕ್ಕಿಂತಲೂ ಮನಸ್ಸನ್ನು ಕಲಕುವುದು ಆರ್ಥರ್ ಆಂಡರ್‌ಸನ್ನರ ವೃತ್ತಾಂತವು. ನಾರ್ವೆಯಿಂದ ವಲಸೆ ಬಂದವರ ಮನೆಯಲ್ಲಿ ೧೮೮೫ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ದುಡಿಯುತ್ತಲೇ ಓದಿದವರು. ೧೯೧೩ರಲ್ಲಿ ಷಿಕಾಗೋ ನಗರದಲ್ಲಿ ಲೆಕ್ಕಪರಿಶೋಧನೆಯ ಸಂಸ್ಥೆಯನ್ನು ತೆರೆದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಶಾಸ್ತ್ರ ಶಾಖೆಯ ಮುಖ್ಯಸ್ಥರಾಗಿ ಪಾಠ ಹೇಳಿದರು, ಅಲ್ಲಿಂದಲೇ ಪದವಿಯನ್ನು ಪಡೆದರು, ತರುವಾಯ ಅದೇ ವಿಶ್ವವಿದ್ಯಾನಿಲಯದ ಧರ್ಮದರ್ಶಿಮಂಡಲಿಯಲ್ಲಿಯೂ ಸೇವೆಯನ್ನು ಸಲ್ಲಿಸಿದರು. ಹೀಗೆ ಗುರು, ಶಿಷ್ಯ, ಪೋಷಕ ಎಂಬ ಮೂರು ಪಾತ್ರಗಳೂ ಒಬ್ಬರಲ್ಲಿಯೇ ಕೂಡಿದುವು. ಅವರ ಸಂಸ್ಥೆಯಲ್ಲಿ ಪರಂಪರೆಯಾಗಿ ಹೇಳಿಕೊಂಡು ಬಂದ ಕಥೆಯೊಂದುಂಟು: ಆರಂಭದ ದಿನಗಳಲ್ಲಿ ರೈಲ್ವೆ ಕಂಪನಿಯ ಅಧಿಕಾರಿಯೊಬ್ಬನು ತಿರುಚಿದ ಲೆಕ್ಕಕ್ಕೆ ಒಪ್ಪಿಗೆಯ ಸಹಿಯನ್ನು ಬೇಡಲು, ಷಿಕಾಗೋದ ಹಣವನ್ನೆಲ್ಲ ತಂದು ಸುರಿದರೂ ಹಾಕೆನೆಂದು ಅವರು ಹೇಳಿ ಕಳುಹಿಸಿದರಂತೆ. ೧೯೪೭ರಲ್ಲಿ ಅವರು ತೀರಿಕೊಂಡರು. ೧೯೫೩ರಲ್ಲಿ, ಸ್ಪ್ರೇಗ್ ಮಹಾಶಯರ ಜೊತೆಯಲ್ಲಿಯೇ, ಅವರ ಹೆಸರು ಮಂದಿರದಲ್ಲಿ ಸೇರಿತು.

ಆ ಸಂಸ್ಥೆಯು ಬೆಳೆದು ಲೋಕವ್ಯಾಪಿಯಾಗಿ ಸುಮಾರು ೮೫,೦೦೦ ಜನರಿಗೆ ಜೀವನೋಪಾಯವಾಯಿತು. ೨೦೦೧ರಲ್ಲಿ ಎನ್ರಾನ್ ಎಂಬ ಶಕ್ತಿವ್ಯಾಪಾರದ ಕಂಪನಿಯು ತನ್ನ ಸಾಲಗಳನ್ನು ಮರೆಮಾಚಿದ್ದುದು ಬಯಲಾಗಿ ದಿವಾಳಿಯೆದ್ದಿತು. ಅದರ ಲೆಕ್ಕವನ್ನು ಪರಿಶೋಧಿಸಿದವರು ಆಂಡರ್‌ಸನ್ ಸಂಸ್ಥೆಯವರೇ. ಕಾಗದಪತ್ರಗಳನ್ನು ಹರಿದುಹಾಕಿ ನ್ಯಾಯಕ್ಕೆ ಅಡ್ಡಿಮಾಡಿದರೆಂದು ೨೦೦೨ರ ಜೂನಿನಲ್ಲಿ ಸಂಸ್ಥೆಯು ಅಪರಾಧಿಯೆಂದು ತೀರ್ಮಾನವಾಯಿತು. ಆಗಸ್ಟ್ ತಿಂಗಳು ಮುಗಿಯುವಷ್ಟರಲ್ಲಿ ಸಾರ್ವಜನಿಕ ಕಂಪನಿಗಳ ಪರಿಶೋಧನೆಯನ್ನು ಅದು ಬಿಟ್ಟುಬಿಟ್ಟಿತು. ಜೂರಿಗೆ ಕೊಟ್ಟ ಸೂಚನೆಯಲ್ಲಿ ದೋಷವಿತ್ತೆಂದು ಪರಮೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಆ ತೀರ್ಪನ್ನು ರದ್ದುಗೊಳಿಸಿದಾಗ, ಮರಳಿ ಬದುಕುವುದಕ್ಕೆ ಸಂಸ್ಥೆಯೇ ಉಳಿದಿರಲಿಲ್ಲ.

ಹೆಸರನ್ನು ಅಳಿಸಬೇಕಾಗಿತ್ತೆಂದು ಹೇಳುವವರುಂಟು. ನನ್ನ ಅಭಿಪ್ರಾಯವು ಹಾಗಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆದುದನ್ನು ಒರೆಸಬಾರದು; ತಿದ್ದಬೇಕಾದುದಿದ್ದರೆ ಮುಂದಿನ ಸಾಲಿನಲ್ಲಿ ಬೇರೆ ನಮೂದನ್ನು ಬರೆಯಬೇಕೆಂಬುದು ನಮ್ಮ ಶ್ಯಾನುಭೋಗರಿಗೂ ತಿಳಿದ ನಿಯಮವು. ೧೯೪೭ರಲ್ಲಿ ಸತ್ತವರ ಖಾತೆಗೆ ೨೦೦೧ರ ಋಣವನ್ನು ಹಚ್ಚುವುದು ಯಾವ ಪದ್ಧತಿಯಲ್ಲಿಯೂ ಸಲ್ಲದು. ಓಹೈಯೋದವರೂ ಹಾಗೆಯೇ ಬಗೆದಂತಿದೆ. ಕೀರ್ತಿಮಂದಿರದ ಆಡಳಿತವು ಈಚೆಗೆ ಆ ವಿಶ್ವವಿದ್ಯಾನಿಲಯದಿಂದ ಅಮೆರಿಕಾದ ಲೆಕ್ಕಶಾಸ್ತ್ರಾಧ್ಯಾಪಕರ ಸಂಘಕ್ಕೆ ಹಸ್ತಾಂತರವಾಗಿರುವುದು. ಪಟ್ಟಿಯು ಮಾತ್ರ ಹಿಂದಿನ ಕ್ರಮದಲ್ಲಿಯೇ ಮುಂದುವರಿದು, ೧೯೫೩ರ ನಾಲ್ವರ ಸಾಲಿನಲ್ಲಿ ಆಂಡರ್‌ಸನ್ನರ ಹೆಸರು ಬರೆದಲ್ಲಿಯೇ ಇದೆ.