ಮನ್ಸೂರರ ತಟ್ಟೆ, ನಮ್ಮ ಹೆಡ್‌ಫೋನ್

ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯ ಷಣ್ಮುಖಾನಂದದಲ್ಲಿ ಕಛೇರಿ ಕೇಳುವವರೂ ಲೋಕಲ್ ರೈಲಿನಲ್ಲಿ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಸಾಧನಗಳಿಗೆ ಲಕ್ಷಗಟ್ಟಲೆ ಸುರಿದರೆ ಸಂಗೀತ ಅಷ್ಟೇ ಹತ್ತಿರವಾಗುತ್ತದೆಯೇ? ಉತ್ತರ ಧ್ವನಿಮುದ್ರಣದ ಚರಿತ್ರೆಯಲ್ಲಿದೆ.

1902ರಲ್ಲಿ ಗೌಹರ್ ಜಾನ್ ಕೊಳವೆಯ ಮುಂದೆ ಜೋರಾಗಿ ಹಾಡಬೇಕಿತ್ತು. 1925ರಲ್ಲಿ ಅಮೆರಿಕದಲ್ಲಿ ಮೈಕ್ ಬಳಕೆಗೆ ಬಂದು ಮೆಲುದನಿಯೂ ತಟ್ಟೆಗಿಳಿಯಿತು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರು ರಾಗವನ್ನು ಸುಮಾರು 3 ನಿಮಿಷಕ್ಕೆ ಅಡಕಗೊಳಿಸಿ ಹಾಡಿದರು. 1948ರ ಎಲ್‌ಪಿ ಒಂದು ಬದಿಗೆ 20 ನಿಮಿಷ ಕೊಟ್ಟಿತು. 1982ರ ಸಿಡಿ, ಸೆಕೆಂಡಿಗೆ 44,100 ಮಾದರಿಗಳೊಂದಿಗೆ, ಮನುಷ್ಯನ ಕಿವಿಯ ಮಿತಿಯಾದ 20,000 ಹರ್ಟ್ಸ್ ದಾಟಿತು.

ಅಲ್ಲಿಗೆ ಕಿವಿಗೆ ತಿಳಿಯುವ ದೊಡ್ಡ ಜಿಗಿತಗಳು ಮುಗಿದವು. ಒಳ್ಳೆಯ ಹೆಡ್‌ಫೋನಿಗೆ ಒಮ್ಮೆ ಖರ್ಚು ಮಾಡಿ, ವ್ಯತ್ಯಾಸ ಗೊತ್ತಾಗುತ್ತದೆ. ದುಬಾರಿ ಕೇಬಲ್ಲಿನಿಂದ ಅಷ್ಟು ಸಿಗದು. ಮನ್ಸೂರರ ತಟ್ಟೆ ಹಿಡಿಯದೆ ಬಿಟ್ಟ ನಾದವನ್ನು ಯಾವ ಯಂತ್ರವೂ ಮರಳಿ ತರಲಾರದು.