ನಿಂತ ಬೆಳೆ ಸ್ಥಾವರವೋ, ಜಂಗಮವೋ?

ನಾಗಪುರದ ಗಾಂಧಿಬಾಗ್ ಸಗಟು ಬಟ್ಟೆ ವ್ಯಾಪಾರಕ್ಕೆ ಹೆಸರಾದ ಪೇಟೆ. ಆ ಊರಿನ ಬಟ್ಟೆಯ ಕಥೆಯನ್ನು ಅಂಗಡಿಯಿಂದ ಹಿಂದಕ್ಕೆ ಹುಡುಕುತ್ತ ಹೋದರೆ ಮೊದಲು ಗಿರಣಿ ಸಿಗುತ್ತದೆ, ಆಮೇಲೆ ಹತ್ತಿಹೊಲ, ಕೊನೆಗೆ ಸಾವುಕಾರನ ಖಾತೆಪುಸ್ತಕ. 1854ರಲ್ಲಿ ಭೋಂಸಲೆಯವರ ರಾಜ್ಯ ಕಂಪನಿ ಸರ್ಕಾರದ ಕೈ ಸೇರಿತು. 1867ರಲ್ಲಿ ರೈಲು ಬಂತು. 1877ರಲ್ಲಿ ಜಮ್‌ಷೆಟ್‌ಜಿ ಟಾಟಾ ಎಂಪ್ರೆಸ್ ಗಿರಣಿ ತೆರೆದರು. ಹತ್ತಿಗೆ ದೂರದ ಮಾರುಕಟ್ಟೆ ಸಿಕ್ಕಿತು. ಬಿತ್ತುವ ಮೊದಲೇ ಬೆಳೆಯ ಭರವಸೆಯ ಮೇಲೆ ಸಾಲವೂ ಸಿಗತೊಡಗಿತು. ಸಾಲ ತೀರದೆ ಡಿಕ್ರಿ ಆದಾಗ ಕೋರ್ಟಿನ ಮುಂದೆ ಒಂದು ಪ್ರಶ್ನೆ ಏಳುತ್ತಿತ್ತು: ಹೊಲದಲ್ಲಿ ಇನ್ನೂ ನಿಂತಿರುವ ಬೆಳೆ ಯಾವ ಬಗೆಯ ಸ್ವತ್ತು?

ಮರಾಠಿ ಕಾನೂನು ಭಾಷೆಯಲ್ಲಿ ಸ್ವತ್ತಿಗೆ ಎರಡೇ ಜಾತಿ: ಸ್ಥಾವರ, ಜಂಗಮ. ವಚನಗಳಿಂದ ಪರಿಚಿತವಾದ ಈ ಜೋಡಿಪದ ಕನ್ನಡಿಗರಿಗೂ ಹೊಸದಲ್ಲ. ಬೇರು ಬಿಟ್ಟು ನಿಂತದ್ದು ಸ್ಥಾವರವೇ ಅಲ್ಲವೇ? ಕಾನೂನು ಹಾಗೆ ಹೇಳಲಿಲ್ಲ, ಒಂದೇ ಮಾತನ್ನೂ ಹೇಳಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಬೆಳೆಯುತ್ತಿರುವ ಪೈರನ್ನು ಸ್ಥಿರಾಸ್ತಿಯಿಂದ ಹೊರಗಿಟ್ಟಿತು. 1897ರ ಸಾಮಾನ್ಯ ಖಂಡಗಳ ಕಾಯ್ದೆ ಭೂಮಿಗೆ ಅಂಟಿಕೊಂಡದ್ದನ್ನೆಲ್ಲ ಸ್ಥಿರಾಸ್ತಿಯೊಳಗೆ ಸೇರಿಸಿತು. ಸಾಲವಸೂಲಿಯ ಮಟ್ಟಿಗೆ ಈ ಗೊಂದಲಕ್ಕೆ ತೆರೆ ಎಳೆದದ್ದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ: ಬೆಳೆಯುತ್ತಿರುವ ಪೈರು ಚರಾಸ್ತಿ.

ಜಪ್ತಿಯ ವಿಧಾನ ಆದೇಶ 21ರ ನಿಯಮ 44 ಮತ್ತು 45ರಲ್ಲಿದೆ. ಪೈರು ನಿಂತಿದ್ದರೆ ವಾರಂಟಿನ ಪ್ರತಿಯನ್ನು ಹೊಲದಲ್ಲೇ ಅಂಟಿಸಬೇಕು, ಕೊಯ್ದಿದ್ದರೆ ಕಣದಲ್ಲಿ. ಜಪ್ತಿಯಾದ ಮಾತ್ರಕ್ಕೆ ಒಡೆತನ ಸಾವುಕಾರನಿಗೆ ಹೋಗುವುದಿಲ್ಲ. ಹರಾಜಾಗುವವರೆಗೆ ಬೆಳೆ ರೈತನದೇ, ಆದರೆ ಅದನ್ನು ಮಾರುವ ಸ್ವಾತಂತ್ರ್ಯ ಅವನಿಗಿಲ್ಲ. ಅವನು ಕಳೆ ಕೀಳಬಹುದು, ಕೊಯ್ಯಬಹುದು, ಒಕ್ಕಿ ಕೂಡಿಡಬಹುದು. ಅವನು ಮಾಡದಿದ್ದರೆ ಸಾಲ ಕೊಟ್ಟವನೇ ಕೋರ್ಟಿನ ಅಪ್ಪಣೆ ಪಡೆದು ಮಾಡಿಸಿ, ಆ ಖರ್ಚನ್ನೂ ಸಾಲಗಾರನಿಂದಲೇ ವಸೂಲು ಮಾಡಬಹುದು. ಬುಡ ಕೊಯ್ದರೂ ಜಪ್ತಿ ಕಳಚುವುದಿಲ್ಲ. ಕೂಡಿಡಲಾಗದ ಬೆಳೆಗೆ ಮಾತ್ರ ಒಂದು ರಿಯಾಯಿತಿ: ಕೊಯ್ಲಿಗೆ ಇಪ್ಪತ್ತು ದಿನ ಉಳಿದ ಮೇಲೆ ಅದನ್ನು ಜಪ್ತಿ ಮಾಡುವಂತಿಲ್ಲ.

ಮಧ್ಯಪ್ರಾಂತದಲ್ಲಿ ಇದರ ಪೆಟ್ಟು ಹೆಚ್ಚು. ಅಲ್ಲಿನ 1898ರ ಗೇಣಿ ಕಾಯ್ದೆ ಕಾಯಂ ಹಕ್ಕಿನ ಒಕ್ಕಲುಗಳ ಜಮೀನು ಡಿಕ್ರಿಯ ಹರಾಜಿಗೆ ಹೋಗದಂತೆ ತಡೆ ಹಾಕಿತ್ತು. ನೆಲಕ್ಕೆ ಕೈಹಾಕಲಾಗದ ಸಾವುಕಾರನ ಕಣ್ಣು ಸಹಜವಾಗಿ ಬೆಳೆಯ ಮೇಲೆ ಬಿತ್ತು. ಹೊಲ ಉಳಿಯಿತು, ಆ ವರ್ಷದ ಅನ್ನ ಉಳಿಯಲಿಲ್ಲ.

ಮುಂಬಯಿ ಪ್ರಾಂತ ಬೇರೆ ದಾರಿ ಹಿಡಿದಿತ್ತು. 1875ರ ದಕ್ಖನ್ ದಂಗೆಯಲ್ಲಿ ರೈತರು ಸಾವುಕಾರರ ಸಾಲಪತ್ರಗಳನ್ನು ಸುಟ್ಟ ಮೇಲೆ, 1879ರಲ್ಲಿ ದಕ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಅದರ 22ನೇ ಕಲಮಿನ ಪ್ರಕಾರ, ಆ ಸಾಲಕ್ಕೆಂದೇ ಅಡವಿಡದ ಹೊರತು ರೈತನ ಸ್ಥಿರಾಸ್ತಿಯನ್ನು ಜಪ್ತಿ ಮಾಡುವಂತಿಲ್ಲ. ಈ ಮಟ್ಟಿಗೆ ನಿಂತ ಬೆಳೆಯೂ ಸ್ಥಿರಾಸ್ತಿಯೇ. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರಗಳಿಗಿದ್ದ ಕಾಯ್ದೆ ಮುಂದೆ ಮುಂಬಯಿ ಕರ್ನಾಟಕಕ್ಕೂ ಹಬ್ಬಿತು. ಹೀಗೆ ಧಾರವಾಡದ ಹತ್ತಿ ಸ್ಥಾವರವಾಯಿತು, ನಾಗಪುರದ ಹತ್ತಿ ಜಂಗಮ. ಗಿಡ ಒಂದೇ, ಮಣ್ಣೂ ಅದೇ ಕಪ್ಪು ಎರೆ. ಬದಲಾದದ್ದು ಪ್ರಾಂತದ ಗಡಿ ಮಾತ್ರ.

1929ರ ನಂತರ ಬೆಲೆ ಕುಸಿದು ಸಾಲ ತೀರಿಸುವುದು ಅಸಾಧ್ಯವಾದಾಗ, ಮಧ್ಯಪ್ರಾಂತ 1933ರಲ್ಲಿ ಸಾಲ ಸಂಧಾನ ಕಾಯ್ದೆ ತಂದಿತು. ಸಾಲ ಕೊಟ್ಟವನನ್ನೂ ಪಡೆದವನನ್ನೂ ಮಂಡಲಿಯ ಮುಂದೆ ಕೂರಿಸಿ ರಾಜಿ ಮಾಡಿಸುವುದು ಅದರ ಉದ್ದೇಶ.

1908ರ ಸಂಹಿತೆ ಇಂದಿಗೂ ಜಾರಿಯಲ್ಲಿದೆ. ಅದರ 60ನೇ ಕಲಮು ರೈತನ ಉಪಕರಣ, ಜೀವನಕ್ಕೆ ಬೇಕಾದ ದನ, ಬಿತ್ತನೆಕಾಳುಗಳನ್ನು ಜಪ್ತಿಯಿಂದ ಕಾಯುತ್ತದೆ. ಮುಂದಿನ ಸುಗ್ಗಿಯವರೆಗೆ ಸಾಗುವಳಿಗೂ ಮನೆಮಂದಿಯ ಹೊಟ್ಟೆಗೂ ಬೇಕಾದಷ್ಟು ಫಸಲನ್ನು ಬಿಟ್ಟುಕೊಡುವ ಮಾತು 61ನೇ ಕಲಮಿನಲ್ಲಿದೆ. ಆದರೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ರಾಜ್ಯ ಸರ್ಕಾರ ಆದೇಶ ಹೊರಡಿಸಿದರೆ ಮಾತ್ರ. ಬಿತ್ತುವ ಕಾಳಿಗೆ ಕಾನೂನೇ ಕಾವಲು ನಿಂತಿದೆ. ಉಣ್ಣುವ ಕಾಳು ಸರ್ಕಾರದ ಆದೇಶಕ್ಕಾಗಿ ಕಾಯಬೇಕು.